ಬಾಚಣಿಗೆಯ ಹಲ್ಲು ಯಾವ ಕಡೆ

ಪರದೆ ಆರಿಹೋಗಿತ್ತು. ಕಣ್ಣಿನ ಡಾಕ್ಟರು ಬೇಕೆಂದೇ ಆರಿಸಿದ್ದರು. ಅವರ ಬೆರಳು ಗುಂಡಿಯ ಮೇಲೆ ಹೋದದ್ದನ್ನು ಗಿಲಕಿಯ ದೊಡ್ಡಮ್ಮನಾದ ಸಂಯೋಜಕಿ ಕಣ್ಣಾರೆ ಕಂಡಿದ್ದಳು. ಎದುರಿನ ಗೋಡೆಯಲ್ಲಿ ಈಗ ಒಂದು ಬೂದು ಚೌಕ ಬಿಟ್ಟರೆ ಏನೆಂದರೆ ಏನೂ ಇರಲಿಲ್ಲ. ಎತ್ತರದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಗಿಲಕಿಯ ಬಲಗಣ್ಣಿಗೆ ಹತ್ತಿಯ ಪಟ್ಟಿ ಅಂಟಿಸಿತ್ತು. “ಕೊನೇ ಸಾಲು ಓದು ಮರಿ, ಬಾಚಣಿಗೆ ಹಲ್ಲು ಯಾವ ಕಡೆ ಇದೆ?” ಎಂದರು ಡಾಕ್ಟರು. ಗಿಲಕಿ ಎಡಗಣ್ಣನ್ನು ಆ ಬೂದು ಚೌಕದ ಮೇಲೆ ನೆಟ್ಟು, ಒಂದಿಷ್ಟೂ ತಡವರಿಸದೆ, ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಹೇಳಿದಳು: “ಬಲ, ಮೇಲೆ, ಎಡ, ಕೆಳಗೆ, ಕೆಳಗೆ, ಬಲ.” ಹೇಳಿ ಮುಗಿಸಿ, ದೊಡ್ಡಮ್ಮ ಕೂತಿದ್ದಾಳೆಂದು ತಾನು ಅಂದುಕೊಂಡಿದ್ದ ದಿಕ್ಕಿಗೆ ತಿರುಗಿ ನಕ್ಕಳು. ದೊಡ್ಡಮ್ಮ ಅಲ್ಲಿರಲಿಲ್ಲ. ಅಲ್ಲಿ ಕೋಟು ನೇತುಹಾಕುವ ಗೂಟವಿತ್ತು.

ಸಂಯೋಜಕಿಗೆ ಮೊದಲು ಬಂದದ್ದು ನಗು. ಛೆ, ಎಂಥ ಹೊತ್ತಿನಲ್ಲಿ ಎಂಥ ನಗು ಎಂದು ಆಮೇಲೆ ಅವಳಿಗೇ ಹೇಸಿಗೆಯಾಯಿತು; ಆದರೆ ಬಂದದ್ದು ಅದೇ. ಹುಡುಗಿ ಸರಿಯಾಗಿಯೇ ಹೇಳಿದ್ದಳಲ್ಲ. ಊರಿನ ನಲವತ್ತೆರಡು ಸರ್ಕಾರಿ ಶಾಲೆಗಳ ಗೋಡೆಯ ಮೇಲೆ, ಕಣ್ಣಿನ ಪಟದ ಕೊನೆಯ ಸಾಲಿನಲ್ಲಿ ಇರುವುದು ಅದೇ. ಮೂರು ಹಲ್ಲಿನ ಕಪ್ಪು ಗುರುತುಗಳು, ಮಕ್ಕಳ ಬಾಯಲ್ಲಿ ಬಾಚಣಿಗೆಗಳು. ಮೊದಲನೆಯದರ ಹಲ್ಲು ಬಲಕ್ಕೆ, ಎರಡನೆಯದರದು ಮೇಲಕ್ಕೆ. ಆ ಪಟವನ್ನು ಆರಿಸಿ, ಒಂದೇ ಅಚ್ಚಿನಲ್ಲಿ ನಲವತ್ತೆರಡು ಹೊಡೆಸಿ, ನೆಲದಿಂದ ಎಷ್ಟು ಎತ್ತರದಲ್ಲಿ ಮೊಳೆ ಹೊಡೆಯಬೇಕೆಂದು ಸುತ್ತೋಲೆ ಕಳಿಸಿದವಳು ತಾನೇ. ಆ ಶಾಲೆಗಳ ಆರೋಗ್ಯ ಶಿಕ್ಷಣ, ಹಲ್ಲು, ಕಿವಿ, ಕಣ್ಣು, ತೂಕ, ತಲೆಯ ಹೇನು, ಕೈ ತೊಳೆಯುವ ಪಾಠ, ಮಂಕಾಗಿ ಕೂತ ಮಗುವನ್ನು ಮಾತಾಡಿಸುವ ವ್ಯವಸ್ಥೆ, ಎಲ್ಲದಕ್ಕೂ ಅವಳೇ ಸಂಯೋಜಕಿ. ನಗು ಗಂಟಲಿನಲ್ಲೇ ನಿಂತಿತು. ಆ ಪಟ ಈ ಕೋಣೆಯಲ್ಲಿಲ್ಲ ಎನ್ನುವುದು ಅವಳಿಗೆ ಹೊಳೆಯಲು ಅಷ್ಟು ಹೊತ್ತು ಬೇಕಾಯಿತು.

“ಇವಳಿಗೆ ಎಡಗಣ್ಣಲ್ಲಿ ಬೆಳಕು, ನೆರಳು, ದೊಡ್ಡ ದೊಡ್ಡ ಆಕಾರ ಇಷ್ಟೇ ಕಾಣೋದು,” ಎಂದರು ಡಾಕ್ಟರು, ಗಿಲಕಿಯ ತಾಯಿ, ಅಂದರೆ ಸಂಯೋಜಕಿಯ ತಂಗಿಯ ಕಡೆ ನೋಡುತ್ತ. “ಕಣ್ಣಿಗೇನೂ ರೋಗ ಇಲ್ಲ. ಹುಟ್ಟಿನಿಂದ ಪವರು ಜಾಸ್ತಿ. ಮಿದುಳು ಅದನ್ನ ಕೈಬಿಟ್ಟು, ಒಳ್ಳೇ ಕಣ್ಣನ್ನೇ ನೆಚ್ಕೊಂಡುಬಿಟ್ಟಿದೆ. ಆರು ವರ್ಷಕ್ಕೋ ಏಳಕ್ಕೋ ಕರ್ಕೊಂಡು ಬಂದಿದ್ರೆ ಕನ್ನಡಕ ಕೊಟ್ಟು, ಒಳ್ಳೇ ಕಣ್ಣು ಮುಚ್ಚಿ ಅಭ್ಯಾಸ ಮಾಡಿಸಿ, ಸುಮಾರಾಗಿ ಸರಿ ಮಾಡಬಹುದಿತ್ತು. ಈಗ ಹತ್ತು ತುಂಬಿದೆ. ನನ್ನ ಕೈಲಾದ್ದು ಮಾಡ್ತೀನಮ್ಮ. ಆದ್ರೆ ಪೂರ್ತಿ ಬರುತ್ತೆ ಅಂತ ಸುಳ್ಳು ಹೇಳೋಕಾಗಲ್ಲ.” ಆಮೇಲೆ ಸಹಜವಾಗಿಯೇ, ಯಾರನ್ನೂ ಚುಚ್ಚುವ ಉದ್ದೇಶವಿಲ್ಲದೆ ಕೇಳಿದರು: “ಶಾಲೇಲಿ ಕಣ್ಣು ನೋಡೋಕೆ ಯಾರೂ ಬರೋದಿಲ್ವೇ?” ತಂಗಿ ಚೀಲದ ಹಿಡಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿದ್ದಳು. ಸಂಯೋಜಕಿ ತನ್ನ ಕೊರಳಿನ ಗುರುತಿನ ಚೀಟಿಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು. ಕೈ ತಾನಾಗಿ ಮಾಡಿದ ಕೆಲಸ ಅದು. ಗಿಲಕಿಯ ಕಣ್ಣಿಗಿಂತ ಮೊದಲು ತನ್ನ ಮಾನದ ಯೋಚನೆ ಬಂದಿತಲ್ಲ ಎಂದು ಅವಳು ಬೆಪ್ಪಾದಳು.

ಮೊನ್ನೆ ಆಟದ ಬಯಲಿನಲ್ಲಿ ಮರಳು ಹಾರಿ ಬಲಗಣ್ಣು ಗೀರಿರದಿದ್ದರೆ, ಅದಕ್ಕೆ ಪಟ್ಟಿ ಬೀಳದಿದ್ದರೆ, ಇದು ಇನ್ನೆಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ. ಅಕ್ಕತಂಗಿಯರದು ಒಂದೇ ಕಟ್ಟಡ, ತಂಗಿ ಕೆಳಗೆ, ಅಕ್ಕ ಮೇಲೆ. ನಿನ್ನೆ ಬೆಳಿಗ್ಗೆ ಗಿಲಕಿ ಲೋಟದ ಪಕ್ಕಕ್ಕೆ ನೀರು ಸುರಿದಳು, ಮೇಜಿನ ಮೇಲೆ, ಆರಾಮಾಗಿ, ಲೋಟ ತುಂಬುತ್ತಿದೆ ಎಂದೇ ತಿಳಿದು. ಬಾಗಿಲಿನ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. ಗಿಲಿಗಿಚ್ಚಿಯ ಹಾಗೆ ಮೂರು ಹೊತ್ತೂ ಬಾಯಿಗೆ ಬಿಡುವಿಲ್ಲದ ಹುಡುಗಿ, ಅದಕ್ಕೇ ಆ ಹೆಸರು, ಅವಳು ಸದ್ದಿಲ್ಲದೆ ಗೋಡೆ ಸವರಿಕೊಂಡು ಹೋಗುವುದನ್ನು ನೋಡಿ ದೊಡ್ಡಮ್ಮನೇ ರೇಗಿಸಿದ್ದಳು: “ಸಾಕು ಮಾಡೇ ನಾಟಕ. ಇನ್ನೊಂದು ಕಣ್ಣು ಇದ್ಯಲ್ಲ, ನೆಟ್ಟಗೆ ನಡಿ.” ಮಗು ನೆಟ್ಟಗೆ ನಡೆಯಲು ನೋಡಿ ಸ್ಟೂಲಿಗೆ ಎಡವಿತ್ತು. ಆಗಲೂ ಸಂಯೋಜಕಿ ನಕ್ಕಿದ್ದಳು, ಚಹಾದ ಲೋಟ ಕೈಯಲ್ಲಿ ಹಿಡಿದು.

ಹೊರಗಿನ ಉದ್ದನೆಯ ಪಡಸಾಲೆಯಲ್ಲಿ ಹಸಿರು ಬೆಂಚಿನ ಮೇಲೆ ಮೂವರೂ ಕೂತರು. ಒರೆಸಿದ ನೆಲದ ಔಷಧಿ ವಾಸನೆ, ಯಾರದೋ ಹೆಸರು ಕೂಗುವ ದನಿ, ಎಲ್ಲವೂ ಒಂದು ಗಾಜಿನ ಆಚೆಯಿಂದ ಬರುತ್ತಿದ್ದಂತಿತ್ತು. ಸಂಯೋಜಕಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಅವು ಇದ್ದವು, ಆದರೆ ಯಾರದೋ ಬೆರಳುಗಳಂತಿದ್ದವು. “ಗಿಲಕಿ, ಪರದೆ ಮೇಲೆ ಏನೂ ಇರ್ಲಿಲ್ಲ ಕಣೇ,” ಎಂದಳು.

“ಹೌದಾ?” ಗಿಲಕಿಗೆ ಅದರಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. “ನಂಗೆ ಶಾಲೇದೂ ಹಂಗೇ ಕಾಣೋದು, ಬಿಳೀಗೆ. ತಪ್ಪು ಹೇಳಿದ್ನಾ? ರಿಬ್ಬನ್ ಹಾಡು ಅಲ್ವಾ ಅದು, ತಪ್ಪೋ ಚಾನ್ಸೇ ಇಲ್ಲ.”

“ರಿಬ್ಬನ್ ಹಾಡು ಅಂದ್ರೆ?”

“ನೀನು ಕಟ್ಟಿದ್ಯಲ್ಲ ದೊಡ್ಡಮ್ಮ, ಬಾಗಿಲಿಗೆ, ಹಸಿರು ರಿಬ್ಬನ್ನು. ಯಾರಾದ್ರೂ ಓದ್ದೆ ಹೋದ್ರೆ ಅದನ್ನ ಬಿಚ್ಕೊಂಡು ಹೋಗ್ತಾರೆ. ಎರಡನೇ ಕ್ಲಾಸಲ್ಲಿ ನಾನು ಬಾಚಣಿಗೆ ಕಾಣಲ್ಲ ಅಂತ ಅತ್ಬಿಟ್ಟೆ. ಆಗ ಎಲ್ರೂ ಸೇರಿ ಹೇಳ್ಕೊಟ್ರು. ಸಾಲಲ್ಲಿ ನಿಂತಾಗ ಮುಂದಿನವರು ಹೇಳೋದು ಕೇಳ್ಸುತ್ತಲ್ಲ, ಅದನ್ನೇ ಹಗ್ಗದಾಟಕ್ಕೆ ಹಾಕ್ಕೊಂಡ್ವಿ. ಬಲಕ್ಕೆ ಹಾರೋದು, ಮೇಲೆ ಹಾರೋದು, ಎಡಕ್ಕೆ ಹಾರೋದು, ಎರಡು ಸಲ ಕೂರೋದು. ಬೇಗ ಬಾಯಿಗೆ ಬರುತ್ತೆ.” ಆಮೇಲೆ ಸ್ವಲ್ಪ ಜಂಬದಿಂದ, “ಈಗ ಚಿಕ್ಕ ಕ್ಲಾಸಿನವರಿಗೆ ನಾವೇ ಹೇಳ್ಕೊಡೋದು. ಪಾಪ, ಯಾರಿಂದ್ಲೂ ರಿಬ್ಬನ್ ಹೋಯ್ತು ಅಂತ ಆಗಬಾರ್ದಲ್ಲ,” ಎಂದಳು.

ಸಂಯೋಜಕಿಗೆ ಆ ಹಗ್ಗದಾಟ ಗೊತ್ತಿತ್ತು. ಗೊತ್ತಿತ್ತು ಎಂದರೇನು, ಹೊಸ ಶಾಲೆಗೆ ಕಾಲಿಟ್ಟಾಗಲೆಲ್ಲ ಅದನ್ನು ಕಂಡು ಹಿರಿಹಿರಿ ಹಿಗ್ಗಿದ್ದಳು. ಮೂರು ವರ್ಷ. ಎರಡು ಕಡೆ ಇಬ್ಬರು ಹಗ್ಗ ಬೀಸುವರು, ನಡುವೆ ಜಡೆ ಹಾರಿಸುತ್ತ ಒಬ್ಬಳು, ಸುತ್ತ ನಿಂತವರೆಲ್ಲ ಒಂದೇ ದನಿಯಲ್ಲಿ ಬಲ, ಮೇಲೆ, ಎಡ. ಎಷ್ಟು ಮುದ್ದಾಗಿತ್ತು. ಫೋನಿನಲ್ಲಿ ಹಿಡಿದುಕೊಂಡು ಬಂದು ನಿರ್ದೇಶಕರಿಗೆ ತೋರಿಸಿದ್ದಳು. ವರದಿಯಲ್ಲಿ ‘ಆರೋಗ್ಯ ಆಟವಾದಾಗ’ ಎಂದು ಒಂದು ಪುಟವನ್ನೇ ಮೀಸಲಿಟ್ಟಿದ್ದಳು. ಒಂದು ಸಲ ಚಪ್ಪಲಿ ಬಿಟ್ಟು ತಾನೂ ಹಗ್ಗದೊಳಗೆ ನುಗ್ಗಿದ್ದಳು. ಎಡಕ್ಕೆ ಹಾರುವ ಬದಲು ಬಲಕ್ಕೆ ಹಾರಿ ಸಿಕ್ಕಿಹಾಕಿಕೊಂಡಾಗ ಮಕ್ಕಳು ಹೊಟ್ಟೆ ಹಿಡಿದು ನಕ್ಕಿದ್ದವು: “ಎಡ ಮೇಡಂ, ಎಡ.” ಆ ನಗುವವರಲ್ಲಿ ಎಷ್ಟು ಕಣ್ಣುಗಳಿಗೆ ಬಾಚಣಿಗೆ ಕಾಣುತ್ತಿರಲಿಲ್ಲವೋ. ಆ ಕಣ್ಣುಗಳು ಈಗ ಅವಳ ಮುಂದೆ ಸಾಲಾಗಿ ನಿಂತವು, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಹೊರಗಿನಿಂದ ಹೇಳಲಾಗದ ಹಾಗೆ, ಎಲ್ಲವೂ ಫಳಫಳ ಹೊಳೆಯುತ್ತ.

ಹಸಿರು ರಿಬ್ಬನ್ ಅವಳದೇ ಬುದ್ಧಿ. ಕಣ್ಣಿನ ತೊಂದರೆ ಕಂಡ ಮಗುವಿನ ಕಾರ್ಡಿನ ಮೇಲೆ ‘ಬಾಕಿ’ ಎಂದು ಬರೆದು ಆಸ್ಪತ್ರೆಗೆ ಕಳಿಸುವುದು. ಹೆತ್ತವರು ಅಲ್ಲಿಂದ ಕಾಗದ ತಂದರೆ ಬಾಕಿ ಹೋಗುತ್ತದೆ. ಹೆತ್ತವರು ತರುತ್ತಿರಲಿಲ್ಲ. ಸರಿ, ಒಂದೂ ಬಾಕಿಯಿಲ್ಲದ ತರಗತಿಯ ಬಾಗಿಲಿಗೆ ಹಸಿರು ರಿಬ್ಬನ್ ಕಟ್ಟೋಣ, ಮಕ್ಕಳೇ ಮನೆಯಲ್ಲಿ ಹಟ ಹಿಡಿದು ಕಾಗದ ತರಿಸುತ್ತಾರೆ ಎಂದು ಅವಳು ಲೆಕ್ಕ ಹಾಕಿದ್ದಳು. ಮೊದಲ ವರ್ಷವೇ ಬಾಕಿ ಅರ್ಧಕ್ಕಿಳಿಯಿತು. ಎರಡನೇ ವರ್ಷ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಮಕ್ಕಳ ಕಣ್ಣುಗಳೇ ಸರಿಹೋಗಿಬಿಟ್ಟವು ಎಂಬಂತೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ತಲೆಯಲ್ಲಿ ಏನು ತುಂಬಿಕೊಂಡಿತ್ತು ಆಗ?

“ಅಕ್ಕಾ,” ಎಂದಳು ತಂಗಿ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. “ಮೂರು ವರ್ಷದ್ದೂ ಕಾರ್ಡು ಮನೇಲಿದೆ. ‘ಎರಡೂ ಕಣ್ಣು ಸರಿ’ ಅಂತ. ಕೆಳಗೆ ನಿನ್ನ ಸಹಿ.”

“ಅದು ಸಹಿ ಮೊಹರು ಕಣೇ. ನಾನು ಒಂದೊಂದನ್ನೇ ಕೂತು…”

“ಗೊತ್ತು. ಎದುರುಮನೆಯವರು ಒಂದ್ಸಲ ಅಂದಿದ್ರು, ನಿಮ್ಮ ಮಗು ಟಿವಿ ನೋಡುವಾಗ ಕತ್ತು ವಾರೆ ಮಾಡುತ್ತೆ, ಕಣ್ಣು ತೋರಿಸಿ ಅಂತ. ಆಗ ಇವಳಿಗೆ ಏಳು. ನಾನೇ ಅಂದೆ, ನಮ್ಮಕ್ಕನೇ ನೋಡ್ಕೊಳ್ಳೋದು ಅದನ್ನೆಲ್ಲ, ಏನಾದ್ರೂ ಇದ್ದಿದ್ರೆ ಅವಳಿಗೆ ಗೊತ್ತಾಗ್ತಿರಲಿಲ್ವಾ ಅಂತ.” ತಂಗಿ ಚೀಲದ ಹಿಡಿ ಬಿಚ್ಚಿ ಮತ್ತೆ ಸುತ್ತತೊಡಗಿದಳು. “ಸ್ವಲ್ಪ ಜಂಬದಿಂದಾನೇ ಅಂದೆ.”

ಸಂಯೋಜಕಿ ತಂಗಿಯ ಕೈ ಹಿಡಿಯಲು ಹೋದಳು. ತಂಗಿ ಕೈ ಎಳೆದುಕೊಳ್ಳಲಿಲ್ಲ, ಕೊಡಲೂ ಇಲ್ಲ. ಅದು ಬೆಂಚಿನ ಮೇಲೆ ಮರೆತು ಬಿಟ್ಟುಹೋದ ವಸ್ತುವಿನಂತೆ ಅಕ್ಕನ ಅಂಗೈಯೊಳಗೆ ಇತ್ತು. ನಡುವೆ ಗಿಲಕಿ, ಈ ಇಬ್ಬರಿಗೂ ಏನಾಯಿತೆಂದು ತಿಳಿಯದೆ, ಅತ್ತ ಒಂದು ಸಲ ಇತ್ತ ಒಂದು ಸಲ ಮುಖ ತಿರುಗಿಸಿ, “ನಮ್ಮ ರಿಬ್ಬನ್ ಹೋಗುತ್ತಾ ಈಗ?” ಎಂದು ಸಣ್ಣಗೆ ಕೇಳಿತು. ಕೇಳಿ ಅಳತೊಡಗಿತು. ಕಣ್ಣಿಗಾಗಿ ಅಲ್ಲ, ರಿಬ್ಬನ್ನಿಗಾಗಿ.

ಅವರಿಬ್ಬರನ್ನೂ ಬಸ್ಸು ಹತ್ತಿಸಿ ಸಂಯೋಜಕಿ ರಸ್ತೆಯ ಅಂಚಿನಲ್ಲಿ ನಿಂತಾಗ ಬೆಳಗಿನ ಹನ್ನೊಂದೂವರೆ. ಬಿಸಿಲು, ವಾಹನಗಳು, ಬಣ್ಣದ ಡಬ್ಬಿ ಹಿಡಿದು ದಾಟುವ ಕೆಲಸಗಾರರು. ಅವಳು ಎಡ ಅಂಗೈಯಿಂದ ಎಡಗಣ್ಣನ್ನು ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಬೆಳಕು ಬಂತು, ಎದುರಿನ ಅಂಗಡಿಯ ಅರ್ಧ ಹಲಗೆ ಕಂಡಿತು. ಹೀಗೆಯೇ, ಇಷ್ಟು ಸುಲಭವಾಗಿ. ಕಣ್ಣು ಮುಚ್ಚಲು ಕೊಡುವ ರಟ್ಟುಗಳು ಮುರಿದಿವೆ, ಹೊಸದು ಬರುವವರೆಗೆ ಮಕ್ಕಳು ಅಂಗೈಯಿಂದಲೇ ಮುಚ್ಚಿಕೊಳ್ಳಲಿ ಎಂದು ಬರೆದದ್ದೂ ಅವಳೇ. ಪಾಠ ಹಾಳಾಗದಿರಲೆಂದು ಆರಾರು ಮಕ್ಕಳನ್ನು ಒಟ್ಟಿಗೆ ಕೋಣೆಯೊಳಗೇ ಸಾಲಾಗಿ ನಿಲ್ಲಿಸಿ ಎಂದದ್ದೂ. ಆ ಸಭೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ನರ್ಸ್ ಎದ್ದು ನಿಂತಿದ್ದರು. ಗಿಲಕಿಯ ಶಾಲೆಯ ಸಿಸ್ಟರ್. “ಆದರೆ ಮೇಡಂ, ಒಳಗೆ ನಿಂತವರು ಕೇಳಿಸ್ಕೊಂಡು ಹೇಳ್ಬಿಡ್ತಾರೆ,” ಎಂದಿದ್ದರು. ಅವರು ಮಾತು ಶುರು ಮಾಡುವುದೇ ‘ಆದರೆ’ಯಿಂದ, ಕಚೇರಿಯಲ್ಲಿ ಅವರಿಗೆ ‘ಆದರೆ ಸಿಸ್ಟರ್’ ಎಂದು ಅಡ್ಡಹೆಸರಿಟ್ಟವಳು ಸಂಯೋಜಕಿಯೇ. “ನಿಮ್ಮದು ಇದ್ದದ್ದೇ ರಾಗ. ಕೂತ್ಕೊಳ್ಳಿ,” ಎಂದಿದ್ದಳು. ಅರವತ್ತು ಜನ ನಕ್ಕಿದ್ದರು. ಸಿಸ್ಟರ್ ಕೂರುವಾಗ ಕುರ್ಚಿ ಸ್ವಲ್ಪ ಜರುಗಿ, ತಡವರಿಸಿ ಕೂತಿದ್ದರು.

ಫೋನು ಹೊಡೆದುಕೊಂಡಿತು. ನಿರ್ದೇಶಕರು. “ನಾಳೆ ಸಭೆಗೆ ಹತ್ತೂವರೆಗೆ ಸರಿಯಾಗಿ ಬನ್ನಿ ಮೇಡಂ. ನಮ್ಮ ರಿಬ್ಬನ್ನು ಇನ್ನು ಎಲ್ಲಾ ಜಿಲ್ಲೆಗೂ ಹೋಗುತ್ತೆ, ನೋಡ್ತಿರಿ. ಆ ಹಗ್ಗದಾಟದ ವಿಡಿಯೋ ಮರೀಬೇಡಿ, ದೊಡ್ಡವರು ಅದನ್ನೇ ಕೇಳಿದ್ದಾರೆ.”

“ಸರ್, ಕಣ್ಣಿನ ಕಾರ್ಡು ಒಂದನ್ನೂ ನಂಬೋ ಹಾಗಿಲ್ಲ.” ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. “ಮಕ್ಕಳು ನೋಡಿ ಓದ್ತಿಲ್ಲ. ಬಾಯಿಪಾಠ ಒಪ್ಪಿಸ್ತಿದ್ದಾರೆ. ನಮ್ಮ ತಂಗಿ ಮಗಳಿಗೆ ಒಂದು ಕಣ್ಣು ಹೋಗಿದೆ.”

“ಅಯ್ಯೋ ಪಾಪ,” ಎಂದರು ಅವರು, ನಿಜವಾಗಿಯೇ ಮರುಗಿ. “ಆದರೆ ಒಂದು ಮಗು ಬಾಯಿಪಾಠ ಮಾಡ್ತು ಅಂತ ಹನ್ನೊಂದು ಸಾವಿರ ಕಾರ್ಡನ್ನೂ ಸುಳ್ಳು ಅನ್ನೋಕಾಗುತ್ತಾ? ನಾಳೆಯದೊಂದು ಮುಗೀಲಿ. ಆಮೇಲೆ ನಿಧಾನಕ್ಕೆ, ಸದ್ದಿಲ್ಲದೆ, ಇನ್ನೊಂದು ಸುತ್ತು ನೋಡಿಸೋಣ. ನಾನಿದೀನಲ್ಲ.”

ಅದೂ ಆಗುವ ಮಾತೇ. ಅವಳೊಳಗೆ ಏನೋ ಸಡಿಲಾಗಿ ಹಾಯೆನಿಸಿತು. ಇದೊಂದು ಬಾಗಿಲು ತೆರೆದಿದೆ, ದಾಟಿದರೆ ಸಾಕು. ನಿಧಾನಕ್ಕೆ ಎಂದರೆ ಬೇಸಿಗೆ ರಜೆಯ ನಂತರ, ಅಂದರೆ ಹೊಸ ಶಾಲಾ ವರ್ಷದಲ್ಲಿ. ಒಂದು ವರ್ಷದಲ್ಲಿ ಏನು ಮುಳುಗಿಹೋಗುತ್ತದೆ? ಈಗ ಎರಡನೇ ತರಗತಿಯಲ್ಲಿ ಕೂತಿರುವ ಏಳು ವರ್ಷದ್ದಕ್ಕೆ ಎಂಟಾಗುತ್ತದೆ. ಎಂಟರದ್ದಕ್ಕೆ ಒಂಬತ್ತು. ಅಷ್ಟೇ. ಆರು ವರ್ಷಕ್ಕೋ ಏಳಕ್ಕೋ ಎಂದಿದ್ದರಲ್ಲ ಡಾಕ್ಟರು. ‘ಆಯ್ತು ಸರ್’ ಎಂದಳೋ ಇಲ್ಲವೋ ನೆನಪಿಲ್ಲ. ಎದುರು ಬಂದ ಬಸ್ಸು ಹತ್ತಿದಳು, ಅದು ಗಿಲಕಿಯ ಶಾಲೆಯ ಕಡೆಗೆ ಹೋಗುವುದು.

ಸಿಸ್ಟರ್ ಕೋಣೆಯಲ್ಲಿ ತೂಕದ ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಸಂಯೋಜಕಿಯನ್ನು ಕಂಡು ಎದ್ದು ನಿಂತರು, ತಪ್ಪೇನಾಯಿತೋ ಎಂಬ ಮುಖದಲ್ಲಿ. ಸಂಯೋಜಕಿ ಬಸ್ಸಿನಲ್ಲಿ ಒಂದು ಮಾತು ಹೊಂದಿಸಿಕೊಂಡು ಬಂದಿದ್ದಳು, ಆ ದಿನದ ಸಭೆಯ ಬಗ್ಗೆ. ಅದು ಬಾಯಿಗೆ ಬರಲಿಲ್ಲ. “ಎರಡನೇ ಕ್ಲಾಸು. ಇವತ್ತೇ ನೋಡ್ಬೇಕು. ಒಬ್ಬೊಬ್ಬರನ್ನೇ, ಬಾಗಿಲು ಹಾಕ್ಕೊಂಡು,” ಎಂದಷ್ಟೇ ಅಂದಳು. ಸಿಸ್ಟರ್ ಅವಳ ಮುಖವನ್ನೇ ನೋಡಿದರು. ಗೆದ್ದವರ ನೋಟವಲ್ಲ ಅದು; ಕಾಯಿಲೆಯವರನ್ನು ನೋಡುವ ನೋಟ. ಕುರ್ಚಿ ಎಳೆದುಕೊಟ್ಟರು, ನೀರು ಕೊಟ್ಟರು. ಆಮೇಲೆ ಕಪಾಟಿನ ತಳದಿಂದ ದಪ್ಪ ರಟ್ಟಿನ ತುಂಡೊಂದನ್ನು ತೆಗೆದರು, ಅಂಚಿಗೆ ಬಟ್ಟೆಯ ಪಟ್ಟಿ ಹೊಲಿದದ್ದು. “ನಾನೇ ಮಾಡಿಟ್ಕೊಂಡಿದ್ದೆ ಮೇಡಂ. ಆದರೆ ಸುತ್ತೋಲೇಲಿ ಅಂಗೈ ಅಂತ ಇತ್ತು,” ಎಂದರು. “ಪಟ ಮಾತ್ರ ಅದೇ. ಬೇರೆ ಇಲ್ಲ.”

ಸಂಯೋಜಕಿ ಎದ್ದು ಹೋಗಿ ಪಟವನ್ನು ಮೊಳೆಯಿಂದ ತೆಗೆದಳು, ತಲೆಕೆಳಗು ಮಾಡಿದಳು, ದಾರವನ್ನು ಇನ್ನೊಂದು ತುದಿಗೆ ಕಟ್ಟಿ ಮತ್ತೆ ನೇತುಹಾಕಿದಳು. ಅಷ್ಟೇ ಮಾಡಬೇಕಾಗಿದ್ದದ್ದು. ಕೊನೆಯ ಸಾಲು ಈಗ ಎಲ್ಲಕ್ಕಿಂತ ಮೇಲೆ: ಎಡ, ಮೇಲೆ, ಮೇಲೆ, ಬಲ, ಕೆಳಗೆ, ಎಡ. ಮೂರು ವರ್ಷದಲ್ಲಿ ಯಾರಾದರೂ ಒಮ್ಮೆ, ತಪ್ಪಿ, ಇದನ್ನು ತಲೆಕೆಳಗಾಗಿ ತೂಗುಹಾಕಿದ್ದರೂ ಸಾಕಿತ್ತು. ತಪ್ಪಬಾರದೆಂದು ಅವಳೇ ಪಟದ ಮೇಲಂಚಿಗೆ ಕೆಂಪು ಬಾಣ ಬರೆಸಿದ್ದಳು. ಆ ಬಾಣವೀಗ ನೆಲ ತೋರಿಸುತ್ತಿತ್ತು.

ಮೊದಲ ಮಗು ಬಂದು ಪಟ ನೋಡಿ ಕಕ್ಕಾಬಿಕ್ಕಿಯಾಯಿತು, ಸಿಸ್ಟರ್ ಮುಖ ನೋಡಿತು, ಆಮೇಲೆ ಒಂದೊಂದೇ ಬಾಚಣಿಗೆಯನ್ನು ನಿಜವಾಗಿ ನೋಡಿ ಹೇಳಿತು. ಎರಡನೆಯದೂ. ಮೂರನೆಯದೂ. ಸಂಯೋಜಕಿಯ ಉಸಿರು ಸ್ವಲ್ಪ ಸಲೀಸಾಯಿತು. ತನ್ನದೇ ಅತಿಯಾಯಿತೇನೋ, ಗಿಲಕಿಯೊಬ್ಬಳೇ ಇರಬಹುದೇನೋ. ಒಂಬತ್ತನೆಯದು ಎರಡು ಜಡೆಯ, ಹಲ್ಲು ಬಿದ್ದ ಹುಡುಗಿ. ಬಲಗಣ್ಣಿನಿಂದ ಎಲ್ಲ ಸರಿಯಾಗಿ ಓದಿದಳು. ಸಿಸ್ಟರ್ ರಟ್ಟನ್ನು ಬಲಗಣ್ಣಿಗೆ ಹಿಡಿದರು. ಹುಡುಗಿ ಒಂದು ಗಳಿಗೆ ಸುಮ್ಮನಿದ್ದು, ಮೈಯನ್ನು ತುಸುವೇ ತೂಗುತ್ತ, ಪಾದ ನೆಲದ ಮೇಲೆ ಇದ್ದಲ್ಲೇ ಕುಣಿಯುತ್ತ, ಮುದ್ದಾದ ರಾಗದಲ್ಲಿ ಹೇಳಿದಳು: “ಬಲ, ಮೇಲೆ, ಎಡ, ಕೆಳಗೆ, ಕೆಳಗೆ, ಬಲ.” ಸಿಸ್ಟರ್ ಕೈಯಲ್ಲಿದ್ದ ಪೆನ್ನು ಕಾರ್ಡಿನ ಮೇಲೆ ನಿಂತುಬಿಟ್ಟಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. “ಜಾಣೆ,” ಎಂದರು ಸಿಸ್ಟರ್. ಹುಡುಗಿ ಖುಷಿಯಿಂದ ಹೊರಗೋಡಿದಳು.

ಮಧ್ಯಾಹ್ನದ ಕೊನೆಯ ಗಂಟೆ ಹೊಡೆಯುವ ಹೊತ್ತಿಗೆ ಮೂವತ್ತೊಂದೂ ಮುಗಿದವು. ನಾಲ್ಕು ಮಕ್ಕಳು ಹಾಡು ಹೇಳಿದ್ದವು. ಅವರಲ್ಲೊಬ್ಬಳು ಎರಡೂ ಕಣ್ಣಿಗೂ. ಒಂದೇ ಶಾಲೆಯ ಒಂದೇ ತರಗತಿ. ಇದನ್ನು ಉಳಿದ ಶಾಲೆಗಳಿಗೆ ಗುಣಿಸಲು ಮನಸ್ಸು ಹೊರಟಿತು, ಅವಳು ಅದನ್ನು ಹಿಡಿದು ನಿಲ್ಲಿಸಿದಳು. ನಿರ್ದೇಶಕರಿಗೆ ಫೋನಿನಲ್ಲಿ ಬರೆದಳು: ‘ಮೂವತ್ತೊಂದರಲ್ಲಿ ನಾಲ್ಕು. ನಾಲ್ವರೂ ಏಳು ವರ್ಷದವರು. ನಾಳೆ ಹತ್ತೂವರೆಗೆ ಬರುತ್ತೇನೆ, ಇದನ್ನೇ ಹೇಳುತ್ತೇನೆ. ವಿಡಿಯೋ ತೋರಿಸಿ, ಅದು ಏನೆಂದೂ ಹೇಳುತ್ತೇನೆ.’ ಕಳಿಸಿದ ಮೇಲೆ ಕೈ ನೋಡಿಕೊಂಡಳು. ಬೆಳಗಿನಿಂದ ಮೊದಲ ಸಲ ಆ ಕೈ ತನ್ನದೆನಿಸಿತು. ಸಿಸ್ಟರ್ ಆ ನಾಲ್ಕು ಕಾರ್ಡುಗಳ ಮೇಲೆ ‘ಬಾಕಿ’ ಎಂದು ಬರೆದು, ಮೊಹರು ಹಾಕದೆ, ಪೆನ್ನನ್ನು ಅವಳ ಕಡೆ ಚಾಚಿದರು. “ನಾನು ಆವತ್ತು ನಿಮಗೆ ಹಾಗನ್ನಬಾರ್ದಿತ್ತು ಸಿಸ್ಟರ್,” ಎಂದಳು ಸಂಯೋಜಕಿ, ಸಹಿ ಹಾಕುತ್ತ. “ಅದಿರ್ಲಿ ಮೇಡಂ,” ಎಂದರು ಅವರು. “ನಾನೂ ಇನ್ನೊಂದ್ಸಲ ಎದ್ದು ನಿಲ್ಬೇಕಿತ್ತು.”

ಎರಡನೇ ತರಗತಿಯ ಬಾಗಿಲಿನ ಚಿಲಕಕ್ಕೆ ಹಸಿರು ರಿಬ್ಬನ್ ಕಟ್ಟಿತ್ತು, ಮಕ್ಕಳ ಕೈ ತಾಗಿ ತಾಗಿ ಅಂಚು ಕಪ್ಪಾಗಿತ್ತು. ಸಂಯೋಜಕಿ ಗಂಟು ಬಿಚ್ಚತೊಡಗಿದಳು. ಬಿಗಿಯಾಗಿ ಕಟ್ಟಿದ್ದರು, ಉಗುರು ಹಾಕಿ ಎಳೆಯಬೇಕಾಯಿತು. ಚೀಲ ಬೆನ್ನಿಗೇರಿಸಿ ಹೊರಟಿದ್ದ ಮಕ್ಕಳು ಒಂದೊಂದಾಗಿ ಬಂದು ಸುತ್ತ ನಿಂತವು. ಯಾರೂ ಗಲಾಟೆ ಮಾಡಲಿಲ್ಲ. ಆ ನಾಲ್ವರೂ ಅಲ್ಲೇ ಇದ್ದರು. ತಾವೇ ಎಂದು ಅವರಿಗೆ ಗೊತ್ತಿರಲಿಲ್ಲ.

“ಯಾರಿಂದ ಹೋಯ್ತು ಮೇಡಂ?” ಎಂದು ಒಂದು ದನಿ ಕೇಳಿತು.

“ನನ್ನಿಂದ,” ಎಂದಳು ಅವಳು.

ಮಕ್ಕಳು ಅವಳನ್ನು ದಿಟ್ಟಿಸಿದವು. ಹಲ್ಲು ಬಿದ್ದ ಹುಡುಗಿ ಮುಂದೆ ಬಂದು, ಕತ್ತನ್ನು ಒಂದಿಷ್ಟು ವಾರೆ ಮಾಡಿ, ಒಳ್ಳೆಯ ಕಣ್ಣಿನಿಂದ ಅವಳ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ, ಹುಡುಗಿ ಅವಳ ಸೆರಗು ಹಿಡಿದು ಬಗ್ಗುವಂತೆ ಎಳೆದಳು, ಯಾರಿಗೂ ಕೇಳದಂತೆ ಕಿವಿಗೆ ಬಾಯಿಟ್ಟಳು. ಬಿಸಿ ಉಸಿರು ತಾಗಿತು.

“ಅಳ್ಬೇಡಿ ಮೇಡಂ. ನಾವು ಹೇಳ್ಕೊಡ್ತೀವಿ,” ಎಂದಳು. “ಬಲ, ಮೇಲೆ, ಎಡ…”